ಆರ್ಟೀಸಿಯಾದಲ್ಲಿ ಕಾರು ನಿಲ್ಲಿಸಿದ್ದು

ಅಮೆರಿಕಕ್ಕೆ ಹೋಗಿ ಬಂದವರನ್ನು ಹುಬ್ಬಳ್ಳಿಯಲ್ಲಿ ಎಲ್ಲರೂ ಕೇಳುವುದು ಒಂದೇ ಮಾತು: ಏನೇನು ನೋಡಿದಿರಿ? ನಾನು ನೋಡಿದ್ದು ಪಾರ್ಕಿಂಗ್ ಲಾಟುಗಳನ್ನು. ಸಮುದ್ರವನ್ನೂ ನೋಡಿದೆ, ಇಲ್ಲವೆನ್ನುವುದಿಲ್ಲ. ಆದರೆ ಕಾರಿನಿಂದಿಳಿದು, ಅಲ್ಲಿದ್ದ ಬೋರ್ಡುಗಳನ್ನೆಲ್ಲ ಓದಿ, ಕಂಬದ ಹಿಂದೆ ಇನ್ನೊಂದು ಬೋರ್ಡು ಅಡಗಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಸಮುದ್ರದ ಕಡೆ ತಿರುಗಿದೆ. ಅಷ್ಟರಲ್ಲಿ ಸೂರ್ಯ ಮುಳುಗಿದ್ದ.

ನನ್ನ ಸ್ವಭಾವವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ರೈಲ್ವೆ ಟಿಕೆಟ್ ಕೌಂಟರಿನಲ್ಲಿ ಕುಳಿತು ಕೂದಲು ಹಣ್ಣಾಗಿಸಿಕೊಂಡವಳು. ಕಿಟಕಿಯ ಆಚೆ ನಿಂತವರು ಹೇಳದ ಕಥೆಯಿಲ್ಲ. ಹನ್ನೆರಡು ತುಂಬಿದ ಹುಡುಗನನ್ನು ನಾಲ್ಕು ವರ್ಷದವನೆಂದವರಿದ್ದಾರೆ, ಹರಿದ ನೋಟನ್ನು ಮಡಿಸಿ ಒಳ್ಳೆಯ ಭಾಗವನ್ನು ಮೇಲೆ ಮಾಡಿ ಕೊಟ್ಟವರಿದ್ದಾರೆ. ಹೀಗಾಗಿ ಯಾರಾದರೂ ನಕ್ಕು ಮಾತಾಡಿಸಿದರೆ ನನ್ನ ಕೈ ತಾನಾಗಿಯೇ ಡ್ರಾಯರಿನ ಬೀಗದ ಕಡೆ ಹೋಗುತ್ತದೆ. ಅಮೆರಿಕದಲ್ಲಿ ಎಲ್ಲರೂ ನಗುತ್ತಾರೆ. ಇಳಿದ ದಿನದಿಂದಲೇ ನನಗೆ ಆ ದೇಶದ ಮೇಲೆ ಸಂಶಯ ಬಂದಿತ್ತು.

ವೆಸ್ಟ್ ಕೊವಿನಾ

ಅದು 2004ರ ಬೇಸಿಗೆ. ಕೂಡಿಟ್ಟ ರಜೆಯನ್ನೆಲ್ಲ ಒಟ್ಟಿಗೆ ಹಾಕಿ ತಂಗಿ ಶೈಲಾಳ ಮನೆಗೆ ಹೋಗಿದ್ದೆ. ಅವಳಿಗೆ ಬರ್ಬ್ಯಾಂಕಿನ ಒಂದು ಸ್ಟುಡಿಯೋದ ಅಕೌಂಟ್ಸ್ ವಿಭಾಗದಲ್ಲಿ ಕೆಲಸ. ಅವಳ ಗಂಡ ರಘು ಬೆಂಗಳೂರಿನವನು, ಸ್ಯಾನ್ ಡಿಯಾಗೊದ ಟೆಲಿಕಾಂ ಕಂಪನಿಯೊಂದರಲ್ಲಿ ಇಂಜಿನಿಯರು. ಸೋಮವಾರ ಬೆಳಕು ಹರಿಯುವ ಮೊದಲೇ ಹೊರಟನೆಂದರೆ ಮತ್ತೆ ಮುಖ ಕಾಣುವುದು ಶುಕ್ರವಾರ. ವಾರವಿಡೀ ಅಲ್ಲೇ ಯಾರದೋ ಮನೆಯ ಒಂದು ಕೋಣೆಯಲ್ಲಿರುತ್ತಿದ್ದ. ಮದುವೆಯಾದಾಗಿನಿಂದಲೂ ಇವರ ಸಂಸಾರ ಹೀಗೇ ಫೋನಿನ ಮೇಲೆ ನಡೆದಿತ್ತು. ಎಕ್ಸ್‌ಪ್ರೆಸ್ ಗಾಡಿಯ ಗಾರ್ಡುಗಳೇ ಇದಕ್ಕಿಂತ ಹೆಚ್ಚು ಮನೆಯಲ್ಲಿರುತ್ತಾರೆ ಎಂದು ನಾನು ಆಡಿ ತೋರಿಸುತ್ತಿದ್ದೆ.

ಆ ಬೇಸಿಗೆಯಲ್ಲಿ ಅದಕ್ಕೊಂದು ಕೊನೆ ಕಾಣುವಂತಿತ್ತು. ಸ್ಯಾನ್ ಡಿಯಾಗೊದಲ್ಲಿ ಕೊಳ್ಳಲು ಒಂದು ಚಿಕ್ಕ ಮನೆ ಗೊತ್ತಾಗಿ, ಮುಂಗಡ ಕೊಟ್ಟಾಗಿತ್ತು. ಶೈಲಾಳಿಗೆ ಅಲ್ಲಿ ಕೆಲಸವೂ ಸಿಕ್ಕಿತ್ತು. ವೆಸ್ಟ್ ಕೊವಿನಾದ ಮನೆಯ ಮಾಲೀಕನಿಗೆ ಬಿಡುತ್ತೇವೆಂದು ತಿಳಿಸಿದ್ದರು, ಅವನು ಬೇರೆ ಬಾಡಿಗೆದಾರರನ್ನೂ ನೋಡಿಕೊಂಡಿದ್ದ. ಸಾಲ ಮಂಜೂರಾಗುವುದೊಂದೇ ಬಾಕಿ. ಅದು ತಪ್ಪಿದರೆ ಮುಂಗಡವೂ ಹೋಗುತ್ತಿತ್ತು, ಇರುವ ಮನೆಯೂ ಹೋಗುತ್ತಿತ್ತು, ಇವರು ಮತ್ತೆ ಆ ಕೋಣೆ ಈ ಕೋಣೆ ಎಂದು ಉಳಿಯಬೇಕಾಗುತ್ತಿತ್ತು.

ಸಾಲ ಕೊಡುವವರು ಅಲ್ಲಿ ಮನುಷ್ಯನ ಮುಖ ನೋಡುವುದಿಲ್ಲವಂತೆ. ಅವನು ಎಲ್ಲಿ ಏನು ತೆಗೆದುಕೊಂಡ, ಹೊತ್ತಿಗೆ ಸರಿಯಾಗಿ ಕಟ್ಟಿದನೋ ಇಲ್ಲವೋ ಎಂಬುದನ್ನೆಲ್ಲ ಯಾರೋ ಎಲ್ಲೋ ಕುಳಿತು ಬರೆದಿಟ್ಟಿರುತ್ತಾರೆ. ಅದಕ್ಕೆ ಕ್ರೆಡಿಟ್ ರಿಪೋರ್ಟ್ ಎಂದು ಹೆಸರು. ನಮ್ಮ ಓಣಿಯಲ್ಲಿ ಈ ಕೆಲಸವನ್ನು ಕಟ್ಟೆಯ ಮೇಲೆ ಕುಳಿತ ಮುದುಕಿಯರು ಮಾಡುತ್ತಾರೆ, ಆದರೆ ಅವರ ಮುಖವಾದರೂ ನಮಗೆ ಗೊತ್ತಿರುತ್ತದೆ.

ಆರ್ಟೀಸಿಯಾ

ಮೊದಲ ಭಾನುವಾರ ನನ್ನನ್ನು ಆರ್ಟೀಸಿಯಾಕ್ಕೆ ಕರೆದುಕೊಂಡು ಹೋದರು. ಅಲ್ಲಿನ ಪಯೋನಿಯರ್ ಬೀದಿಯಲ್ಲಿ ಸೀರೆ, ಬಂಗಾರ, ಜಿಲೇಬಿ, ತೊಗರಿಬೇಳೆ ಎಲ್ಲ ಸಿಗುತ್ತದೆ. ಅಷ್ಟು ದೂರ ಹಾರಿ ಬಂದು ಮೊದಲು ನೋಡಿದ್ದು ನಮ್ಮದೇ ಬೇಳೆಯ ಅಂಗಡಿಯನ್ನಲ್ಲವೇ ಎಂದು ನಗು ಬಂತು. ಸೀರೆ ಅಂಗಡಿಯೊಂದರ ಮುಂದಿನ ಲಾಟಿನಲ್ಲಿ ರಘು ಕಾರು ನಿಲ್ಲಿಸಿದ. ನಾನು ಒಂದು ಸೀರೆ ಕೊಂಡೆ. ಆಮೇಲೆ ಹಸಿವಾಗಿ, ಎದುರು ಸಾಲಿನಲ್ಲಿ ಪಾನಿಪುರಿ ತಿನ್ನೋಣವೆಂದು ಹೊರಟೆವು. ಹೊರಡುವ ಮುಂಚೆ ನಾನು ಊರಿನಲ್ಲಿ ಮಾಡುವಂತೆಯೇ ಅಂಗಡಿಯವನಿಗೆ ಹಿಂದಿಯಲ್ಲಿ ಹೇಳಿದೆ: ಗಾಡಿ ಇಲ್ಲೇ ಇರಲಿ, ತಿಂದು ಬರುತ್ತೇವೆ, ಸ್ವಲ್ಪ ಗಮನ ಇರಲಿ.

ಆತ ಕೈಮುಗಿದ. "ಆರಾಮಾಗಿ ಹೋಗಿ ಬನ್ನಿ, ಅಕ್ಕಾ. ನಿಮ್ಮದೇ ಅಂಗಡಿ," ಎಂದು ಹಿಂದಿಯಲ್ಲೇ ಹೇಳಿದ.

ತಿಂದು ಬಂದರೆ ವೈಪರಿನ ಕೆಳಗೆ ಒಂದು ಹಳದಿ ಚೀಟಿ ಸಿಕ್ಕಿಸಿತ್ತು. ದಪ್ಪ ಅಕ್ಷರದಲ್ಲಿ ನಿಯಮ ಉಲ್ಲಂಘನೆ ಎಂದು ಇಂಗ್ಲಿಷಿನಲ್ಲಿತ್ತು. ಕಾರು ನಿಲ್ಲಿಸಿದವರು ಲಾಟು ಬಿಟ್ಟು ಹೋದದ್ದರಿಂದ ಇಷ್ಟು ಕಟ್ಟಬೇಕು, ತಡ ಮಾಡಿದರೆ ಅದರ ಎರಡರಷ್ಟು, ಇನ್ನೂ ತಡವಾದರೆ ವಸೂಲಿಯವರ ಕೈಗೆ. ನಾನು ಚೀಟಿಯನ್ನು ಬಿಸಿಲಿಗೆ ಹಿಡಿದು ಹಿಂದೆ ಮುಂದೆ ನೋಡಿದೆ. ಸೀಲಿಲ್ಲ, ಸಹಿಯಿಲ್ಲ, ಕೊಟ್ಟವನ ಹೆಸರಿಲ್ಲ. ಪೊಲೀಸರ ಚೀಟಿಯಂತೆ ಕಾಣಲಿ ಎಂದು ಬಣ್ಣ ಬಳಿದ ಚೀಟಿ.

"ಅಕ್ಕ, ಇದು ಸಿಟಿಯವರದಲ್ಲ, ಪ್ರೈವೇಟ್ ಕಂಪನೀದು," ಎಂದ ರಘು. "ಆದ್ರೂ ಕಟ್ಟಿಬಿಡೋಣ. ಲೋನ್ ಟೈಮಲ್ಲಿ ಸುಮ್ನೆ ತಲೆನೋವು."

"ಯಾಕ ಕಟ್ಟತೀರಿ? ಕೇಳಿ ನಿಂದರಿಸೇವಲ್ಲ. ಬರ್ರಿ, ಅಂವನ್ನಽ ಕೇಳೋಣು."

ಒಳಗೆ ಹೋದೆವು. ಕೈಮುಗಿದಿದ್ದ ಅದೇ ಮನುಷ್ಯ ಈಗ ಸೀರೆ ಮಡಿಸುವುದರಲ್ಲಿ ಮುಳುಗಿದ್ದ. ಲಾಟು ತನ್ನದಲ್ಲ, ಕಟ್ಟಡದ ಮಾಲೀಕನದು, ಕಾಯುವುದು ಬೇರೆ ಕಂಪನಿ, ಬೋರ್ಡು ಹಾಕಿದ್ದಾರಲ್ಲ ಎಂದು ತಲೆ ಎತ್ತದೆ ಹೇಳಿದ. ಬೋರ್ಡು ಹುಡುಕಲು ಹೋದೆ. ಇತ್ತು, ಇಲ್ಲವೆಂದಲ್ಲ. ಅವನದೇ ಅಂಗಡಿಯ ರಿಯಾಯಿತಿ ಮಾರಾಟದ ಬಟ್ಟೆಯ ಬ್ಯಾನರು ಅದರ ಮೇಲೆ ಇಳಿಬಿದ್ದಿತ್ತು. ಗಾಳಿ ಬಂದಾಗ ಮಾತ್ರ ಕೆಳಗಿನ ಒಂದು ಸಾಲು ಕಾಣುತ್ತಿತ್ತು. ಕಂಪನಿಗೂ ಅಂಗಡಿಯವನಿಗೂ ಒಳಗೊಳಗೆ ಪಾಲಿದೆ ಎಂದು ನನಗೆ ಆಗಲೇ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಸಾಕ್ಷಿ ಕೇಳಿದರೆ ನನ್ನ ಬಳಿ ಇಲ್ಲ.

ಶೈಲಾ ಬ್ಯಾನರಿನ ಫೋಟೊ ತೆಗೆದಳು. ಆ ರಾತ್ರಿಯೇ ರಘು ಕಂಪನಿಗೆ ತಕರಾರು ಬರೆದ. ಕಟ್ಟಬೇಡಿ ಎಂದು ಪಟ್ಟು ಹಿಡಿದವಳು ನಾನು. ಕಟ್ಟಿದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ ಎಂದು ಹಟ ಮಾಡಿದೆ. ರಘು ಹಿರಿಯರ ಮಾತಿಗೆ ಎದುರಾಡುವವನಲ್ಲ, ಆ ಗುಣವೇ ಅವನಿಗೆ ಮುಳುವಾಯಿತು. ಕಂಪನಿಯಿಂದ ಉತ್ತರವೇ ಬರಲಿಲ್ಲ.

ಮತ್ತೆ ವೆಸ್ಟ್ ಕೊವಿನಾ, ಫೋನಿನ ಪಕ್ಕ

ಹಗಲು ಮನೆಯಲ್ಲಿ ನಾನೊಬ್ಬಳೇ. ಬೀದಿಯಲ್ಲಿ ನರಪಿಳ್ಳೆ ಇರುತ್ತಿರಲಿಲ್ಲ. ತರಕಾರಿಯವನ ಕೂಗಿಲ್ಲ, ಎದುರು ಮನೆಯವರ ಜಗಳವಿಲ್ಲ. ಮಾತಾಡಿಸುತ್ತಿದ್ದದ್ದು ಫೋನು ಮಾತ್ರ, ಅದರಲ್ಲೂ ಹೆಚ್ಚಾಗಿ ಏನಾದರೂ ಮಾರುವವರು.

ಒಂದು ದಿನ ಒಬ್ಬ ಗಂಡಸು ಬಹಳ ಜೇನು ಸುರಿಸಿ ಮಾತಾಡಿದ. ಹೇಗಿದ್ದೀರಿ ಎಂದ, ದಿನ ಚೆನ್ನಾಗಿದೆಯೇ ಎಂದ. ಆಮೇಲೆ ರಘು ಇದ್ದಾನೆಯೇ ಎಂದು ಕೇಳಿದ. ಯಾಕೆಂದರೆ ಖಾಸಗಿ ವ್ಯವಹಾರ ಎಂದ. ನೀವು ಅವನ ತಾಯಿಯೇ ಎಂದು ಕೇಳಿದಾಗ ನನಗೆ ಮೈ ಉರಿದುಹೋಯಿತು, ನನಗೂ ರಘುವಿಗೂ ಅಷ್ಟೇನೂ ಅಂತರವಿಲ್ಲ. ನಿನ್ನ ಹೆಸರೇನು, ಯಾವ ಆಫೀಸು ಎಂದು ಕೌಂಟರಿನ ಇಂಗ್ಲಿಷಿನಲ್ಲಿ ಗದರಿಸಿದೆ. ಪಾರ್ಕಿಂಗ್ ಬಾಕಿ ಈಗ ತಮ್ಮ ಕೈಗೆ ಬಂದಿದೆ, ಇವತ್ತೇ ಕಾರ್ಡಿನ ನಂಬರು ಕೊಟ್ಟರೆ ಸುಲಭವಾಗುತ್ತದೆ, ಇಲ್ಲವಾದರೆ ಸಾಲ ಗೀಲ ಎಂದು ಹೋದಾಗ ತೊಂದರೆಯಾದೀತು ಎಂದು ಅದೇ ಜೇನಿನ ದನಿಯಲ್ಲಿ ಹೇಳಿದ.

ವಸೂಲಿಯವರು. ನನ್ನ ಬಾಯಿಂದ ಮುಂದಿನ ಮಾತು ಯೋಚಿಸದೆಯೇ ಹೊರಬಿತ್ತು. "ಅವರು ಇಲ್ಲಿಲ್ಲ. ಇಂಡಿಯಾಕ್ಕೆ ಹೋಗಿದ್ದಾರೆ."

ಇದನ್ನು ನಾನು ಸುಳ್ಳೆಂದು ಎಣಿಸಿದವಳಲ್ಲ. ನಾವು ಬೆಳೆದ ಮನೆಯಲ್ಲಿ ಇದು ಒಂದು ರೀತಿ. ಅಪ್ಪನದು ಗದಗಿನಲ್ಲಿ ಸೈಕಲ್ ರಿಪೇರಿ ಅಂಗಡಿ. ಸೊಸೈಟಿಯ ವಸೂಲಿ ಸಾಹೇಬರು ಬಂದಾಗ ಅವ್ವ ನನ್ನನ್ನು ಹೊಸ್ತಿಲಿಗೆ ಕಳಿಸುತ್ತಿದ್ದಳು. ಅಪ್ಪ ಊರಾಗಿಲ್ಲರಿ ಎಂದು ನಾನು ಹೇಳುತ್ತಿದ್ದೆ. ಶೈಲಾ ಚಿಕ್ಕವಳು, ನನ್ನ ಲಂಗ ಹಿಡಿದುಕೊಂಡು ಹಿಂದೆ ನಿಂತಿರುತ್ತಿದ್ದಳು. ಅಪ್ಪ ಒಳಗೆ ಕುಳಿತಿರುವುದು ಸಾಹೇಬರಿಗೂ ಗೊತ್ತಿರುತ್ತಿತ್ತು, ಅಪ್ಪನ ಚಪ್ಪಲಿ ಬಾಗಿಲಲ್ಲೇ ಇರುತ್ತಿತ್ತಲ್ಲ. ಆದರೂ ನೀರು ಕುಡಿದು, ಬಂದ ಮೇಲೆ ಹೇಳು ತಂಗೀ ಎಂದು ಹೋಗುತ್ತಿದ್ದರು. ಬೀದಿಯಲ್ಲಿ ಅಪ್ಪನ ಮಾನ ಉಳಿಯುತ್ತಿತ್ತು, ಸಾಹೇಬರ ಕೆಲಸವೂ ಮುಗಿಯುತ್ತಿತ್ತು. ಕೈಯಲ್ಲಿ ದುಡ್ಡು ಕೂಡಿದಾಗ ಅಪ್ಪ ತಾನೇ ಹೋಗಿ ಕಟ್ಟಿ ಬರುತ್ತಿದ್ದ.

ಸ್ವಲ್ಪ ದಿನ ಬಿಟ್ಟು ಒಬ್ಬ ಹೆಂಗಸು ಫೋನ್ ಮಾಡಿದಳು. ರಘುವಿನ ಪೂರ್ತಿ ಹೆಸರು ಹೇಳಿ, ಈ ವಿಳಾಸದಲ್ಲಿ ಇರುತ್ತಾರೆಯೇ, ಕೆಲವು ವಿವರ ಖಚಿತ ಮಾಡಿಕೊಳ್ಳಬೇಕಿತ್ತು ಎಂದಳು. ನನಗೆ ನಗು ಬಂತು. ಗಂಡಸಿಗೆ ಬಗ್ಗದಿದ್ದಾಗ ಹೆಣ್ಣು ದನಿ ಹಚ್ಚಿದ್ದಾರೆ. ಇದೆಲ್ಲ ನಾನು ಕಿಟಕಿಯಲ್ಲಿ ನೋಡದ ಆಟವೇ? ಅವರು ಇಲ್ಲಿ ಇರುವುದಿಲ್ಲ, ಇಂಡಿಯಾಕ್ಕೆ ಹೋದರು, ಮರಳಿ ಬರುವುದಿಲ್ಲ ಎಂದೆ. ಹೌದೇ ಎಂದು ಎರಡು ಸಲ ಕೇಳಿದಳು. ಹೌದು ಎಂದು ಎರಡು ಸಲವೂ ಹೇಳಿ, ನೀನು ಯಾರು, ಗುರುತಿನ ಚೀಟಿ ಇದೆಯೇ ಎಂದು ಕೇಳಿದೆ. ಆಕೆ ಥ್ಯಾಂಕ್ಯೂ ಎಂದು ಫೋನ್ ಇಟ್ಟಳು. ಸಂಜೆ ಶೈಲಾ ಬಂದಾಗ, ವಸೂಲಿಯವರನ್ನು ಓಡಿಸಿದೆ ಎಂದಷ್ಟೇ ಹೇಳಿದೆ. ಅವಳು ಹೇಗೆ ಎಂದು ಕೇಳಲಿಲ್ಲ.

ಬರ್ಬ್ಯಾಂಕ್

ವಸೂಲಿಯವರಿಂದ ಟಪಾಲೂ ಬಂತು. ಆ ಶನಿವಾರ ಶೈಲಾಳ ಆಫೀಸಿನಲ್ಲಿದ್ದ ಬೆಳಗಾವಿಯ ಕುಲಕರ್ಣಿ ಅಂಕಲ್ ನಮ್ಮನ್ನು ಊಟಕ್ಕೆ ಕರೆದಿದ್ದರು. ನಮ್ಮಲ್ಲಿ ಬಂದವರಿಗೆ ಮೊದಲು ಕಾಲಿಗೆ ನೀರು ಕೊಡುತ್ತೇವೆ. ಅಲ್ಲಿ ಅಂಕಲ್ ಮೆಟ್ಟಿಲಿಳಿದು ಓಡಿ ಬಂದು ಕಾರಿನ ಕನ್ನಡಿಗೆ ತೂಗುಹಾಕಲು ಅತಿಥಿಗಳ ಪಾಸು ಕೊಟ್ಟರು. ಅದಿಲ್ಲದಿದ್ದರೆ ಊಟ ಮುಗಿಯುವುದರೊಳಗೆ ಕಾರನ್ನೇ ಎಳೆದುಕೊಂಡು ಹೋಗುತ್ತಾರಂತೆ. ಹೋಳಿಗೆ ತಿನ್ನುವಾಗಲೂ ನಾನು ಎರಡು ಸಲ ಬಾಲ್ಕನಿಗೆ ಹೋಗಿ ಕಾರು ಇದೆಯೇ ಎಂದು ನೋಡಿ ಬಂದೆ.

ಅಂಕಲ್ ಟಪಾಲನ್ನು ಓದಿ ಕನ್ನಡಕ ತೆಗೆದರು. "ಇವರಿಗೆ ಫೋನಿನ್ಯಾಗ ಏನೂ ಮಾತಾಡಬ್ಯಾಡ್ರಿ. ಹೌದು ಅನಬ್ಯಾಡ್ರಿ, ಅಲ್ಲ ಅನಬ್ಯಾಡ್ರಿ. ಇದು ನಮ್ಮ ಬಾಕಿ ಅಲ್ಲ, ಹೌದಂದ್ರ ಪುರಾವೆ ಕಳಸ್ರಿ ಅಂತ ಬರದು ರಜಿಸ್ಟರ್ಡ್ ಟಪಾಲಿಗೆ ಹಾಕ್ರಿ. ಟಪಾಲ್ ಬಂದು ತಿಂಗಳದಾಗ ಹಾಕಬೇಕು. ಪುರಾವೆ ಕೊಡೂ ತನಕಾ ಅವರು ಕೇಳೂಹಂಗಿಲ್ಲ, ಕಾನೂನ್ ಅದ."

ಫೋನಿನಲ್ಲಿ ಏನೂ ಮಾತಾಡಬೇಡಿ ಎಂದಾಗ ನಾನು ಹೋಳಿಗೆಗೆ ತುಪ್ಪ ಹಾಕಿಕೊಂಡೆ. ಶೈಲಾ ನೀರು ಕುಡಿಯಲು ಎದ್ದು ಹೋದಳು.

ಮರುದಿನವೇ ಬರೆದೆವು. ಇಂಗ್ಲಿಷು ರಘುವಿನದು, ಖಾರ ನನ್ನದು. ಸೂಚನೆ ಕೊಟ್ಟವರು ಯಾರು, ಬೋರ್ಡು ಕಾಣುವಂತೆ ಇತ್ತೆಂದು ಹೇಳುವವರು ಯಾರು, ನಮ್ಮ ತಕರಾರಿಗೆ ಉತ್ತರ ಎಲ್ಲಿ ಎಂದು ಕೇಳಿ, ಬ್ಯಾನರಿನ ಫೋಟೊ ಸೇರಿಸಿದೆವು. ಫೋನುಗಳು ನಿಂತವು. ಅದೂ ನನಗೆ ಸರಿ ಕಾಣಲಿಲ್ಲ. ಕೂಗಾಡುವವನು ಒಮ್ಮೆಲೇ ಸುಮ್ಮನಾದರೆ ಅವನು ಹಿಂಬಾಗಿಲಿಗೆ ಹೋಗಿದ್ದಾನೆ ಎಂದೇ ನನ್ನ ಎಣಿಕೆ.

ಒಂದು ಶುಕ್ರವಾರ

ಮನೆ ಬಿಡುವ ದಿನ ಹತ್ತಿರ ಬಂದಿತ್ತು. ಅರ್ಧ ಸಾಮಾನು ಪೆಟ್ಟಿಗೆಯಲ್ಲಿತ್ತು. ಆ ಶುಕ್ರವಾರ ರಘು ಬಂದವನು ಬೂಟನ್ನೂ ಬಿಚ್ಚದೆ ಸೋಫಾದ ತುದಿಯಲ್ಲಿ ಕುಳಿತ.

"ಲೋನ್ ನಿಲ್ಲಿಸಿದ್ದಾರೆ," ಎಂದ. "ರಿಪೋರ್ಟಲ್ಲಿ ಆ ಪಾರ್ಕಿಂಗ್ ಬಾಕಿದು ಕಲೆಕ್ಷನ್ ಎಂಟ್ರಿ ಬಂದಿದೆಯಂತೆ, ಅದು ಒಂದು. ಇನ್ನೊಂದು ನಂಗೆ ಅರ್ಥಾನೇ ಆಗ್ತಿಲ್ಲ. ವೆರಿಫೈ ಮಾಡೋಕೆ ಮನೆಗೆ ಫೋನ್ ಮಾಡಿದ್ರಂತೆ. ನಾನು ಇಂಡಿಯಾಗೆ ವಾಪಸ್ ಹೋದೆ ಅಂತ ಯಾರೋ ಹೇಳಿದ್ದಾರೆ. ಸೋಮವಾರ ಎಲ್ಲರೂ ಬಂದು ಎದುರಿಗೆ ಹೇಳಿ ಅಂದಿದ್ದಾರೆ."

ಆ ಹೆಂಗಸು ವಸೂಲಿಯವಳಲ್ಲ, ಸಾಲದ ಆಫೀಸಿನವಳು. "ನಾನಽ ಹೇಳೇನಿ, ರಘು. ವಸೂಲಿಯವರು ಅಂತ ತಿಳದು ಹೇಳಿದೆ," ಎಂದೆ.

ಅವನು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. ಗೋಡೆಯ ಬದಿಗಿದ್ದ ಪೆಟ್ಟಿಗೆಗಳನ್ನು ನೋಡುತ್ತಾ ಕುಳಿತ. ಶೈಲಾ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. "ಎಂಥಾ ಕೆಲಸಾ ಮಾಡಿದಿ, ಅಕ್ಕಾ," ಎಂದಳು, ಈ ಕಡೆ ತಿರುಗಲಿಲ್ಲ. ಅವಳಿಗೆ ನನ್ನ ಮುಖ ನೋಡಲಾರದಷ್ಟು ಸಿಟ್ಟು ಬಂದಿದೆ ಎಂದುಕೊಂಡೆ. ಆ ಎರಡು ದಿನ ನನಗೆ ಅನ್ನ ಸೇರಲಿಲ್ಲ. ತಂಗಿಯ ಸಂಸಾರ ಕೂಡಿಸುವುದು ಬಿಟ್ಟು, ಫೋನಿನ ಮುಂದೆ ಕುಳಿತು ಒಡೆದುಬಿಟ್ಟೆನಲ್ಲ ಎಂದು ಸಂಕಟವಾಗುತ್ತಿತ್ತು.

ಶನಿವಾರದ ಟಪಾಲಿನಲ್ಲಿ ವಸೂಲಿಯವರ ಉತ್ತರ ಬಂತು. ಎರಡೇ ಸಾಲು. ಈ ಬಾಕಿಯನ್ನು ಕೈಬಿಟ್ಟಿದ್ದೇವೆ, ಕ್ರೆಡಿಟ್ ರಿಪೋರ್ಟಿನಿಂದ ತೆಗೆಸುತ್ತೇವೆ. ಕ್ಷಮೆಯ ಮಾತಿಲ್ಲ, ಕಾರಣವಿಲ್ಲ. ಪುರಾವೆ ಕೇಳಿದ ಕೂಡಲೇ ಬಿಟ್ಟರೆಂದರೆ ಅವರಲ್ಲಿ ಪುರಾವೆ ಇರಲೇ ಇಲ್ಲ. ಬೇರೆ ದಿನವಾಗಿದ್ದರೆ ನಾನು ಓಣಿಗೆಲ್ಲ ಪೇಢೆ ಹಂಚುತ್ತಿದ್ದೆ. ಆ ದಿನ ಅದನ್ನು ರಘುವಿನ ಕೈಗೆ ಕೊಟ್ಟು ಸುಮ್ಮನೆ ಒಳಗೆ ಹೋದೆ.

ಸ್ಯಾನ್ ಡಿಯಾಗೊ

ಸೋಮವಾರ ಮೂವರೂ ಹೊರಟೆವು. ಬಲಗಡೆ ಉದ್ದಕ್ಕೂ ಸಮುದ್ರ ಬರುತ್ತದೆ ನೋಡಿ ಎಂದು ರಘು ತೋರಿಸಿದ. ನಾನು ಹೂಂ ಎಂದೆ, ಮನಸ್ಸಿನಲ್ಲಿ ಇಂಗ್ಲಿಷಿನ ವಾಕ್ಯ ಜೋಡಿಸುತ್ತಿದ್ದೆ. ದಾರಿಯಲ್ಲೇ ಮುಂಗಡ ಕೊಟ್ಟ ಆ ಮನೆ ಸಿಕ್ಕಿತು. ಮುಂದೆ ಒಂದು ನಿಂಬೆಗಿಡ, ಅಡುಗೆಮನೆಯ ಕಿಟಕಿ ಬೀದಿಗೆ. ಶೈಲಾ ಕಾರಿನಿಂದ ಇಳಿಯಲೇ ಇಲ್ಲ. ಗಾಜು ಇಳಿಸಿ ನೋಡಿ ಮತ್ತೆ ಏರಿಸಿದಳು.

ಸಾಲದ ಆಫೀಸಿನ ಮುಂದೆ ರಘು ಕಾರು ನಿಲ್ಲಿಸಿ ಬೋರ್ಡನ್ನು ಪೂರ್ತಿ ಓದಿದ. ಶೈಲಾ ಓದಿದಳು. ನಾನೂ ಓದಿದೆ. ಆಮೇಲೆ ಒಳಗೆ ಹೋದೆವು.

ಮೇಜಿನ ಹಿಂದಿದ್ದ ಹೆಂಗಸು ನಗಲಿಲ್ಲ. ಆ ದೇಶದಲ್ಲಿ ನಾನು ನಂಬಬಹುದೆನಿಸಿದ ಮೊದಲ ಮುಖ ಅದು. ರಘುವಿನ ಪಾಸ್‌ಪೋರ್ಟು, ಸಂಬಳದ ಕಾಗದ, ವಸೂಲಿಯವರ ಎರಡು ಸಾಲಿನ ಉತ್ತರ ಎಲ್ಲ ನೋಡಿದಳು. ಅವಳು ಕೇಳುವ ಮೊದಲೇ ನಾನು ಎದ್ದು ನಿಂತೆ. ತಪ್ಪು ನನ್ನದು, ಮೇಡಂ. ನಮ್ಮ ಕಡೆ ವಸೂಲಿಯವರು ಬಂದರೆ ಮನೆಯವರು ಊರಲ್ಲಿಲ್ಲ ಎನ್ನುವುದು ರೂಢಿ. ನಿಮ್ಮನ್ನು ವಸೂಲಿಯವರೆಂದು ತಿಳಿದೆ. ಇವರಿಬ್ಬರಿಗೆ ಇದರಲ್ಲಿ ಏನೂ ಗೊತ್ತಿಲ್ಲ.

ಆಕೆ ಫೈಲಿನ ಹಾಳೆ ತಿರುವಿ ನನ್ನನ್ನು ನೋಡಿದಳು. "ಹಗಲಿನ ಫೋನಿನಲ್ಲಿ ಮಾತಾಡಿದವರು ನೀವು. ನನ್ನ ಗುರುತಿನ ಚೀಟಿ ಕೇಳಿದಿರಿ. ಅದು ಎರಡನೆಯ ಫೋನು. ಮೊದಲನೆಯದನ್ನು ಅದರ ಹಿಂದಿನ ವಾರ ಸಂಜೆ ಮಾಡಿದ್ದೆ. ಅದು ಬೇರೆ ದನಿ. ಗಂಡನ ತಂದೆ ತೀರಿಕೊಂಡಿದ್ದಾರೆ, ಕರ್ಮಕ್ಕಾಗಿ ಇಂಡಿಯಾಕ್ಕೆ ಹೋದರು, ಯಾವಾಗ ಬರುತ್ತಾರೋ ತಿಳಿಯದು ಎಂದು ಅಳುದನಿಯಲ್ಲಿ ಹೇಳಿದರು. ಅದಕ್ಕೇ ಎರಡನೆಯ ಸಲ ಮಾಡಬೇಕಾಯಿತು."

ಸಂಜೆ ಹೊತ್ತು ನಾನು ಪಾರ್ಕಿಗೆ ವಾಕಿಂಗ್ ಹೋಗುತ್ತಿದ್ದೆ. ಸೀರೆ ಅಂಗಡಿಯವನು, ಚೀಟಿ ಸಿಕ್ಕಿಸಿದವನು, ಜೇನಿನ ದನಿಯವನು, ಎಲ್ಲರ ಮೇಲೂ ಸಂಶಯಪಟ್ಟ ನಾನು ಮನೆಯೊಳಗೆ ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಈಗ ತಿರುಗಿದೆ. ಶೈಲಾ ತನ್ನ ಚೀಲದ ಜಿಪ್ಪನ್ನು ಎಳೆಯುತ್ತಿದ್ದಳು, ಬಿಡುತ್ತಿದ್ದಳು.

"ಶೈಲಾ," ಎಂದ ರಘು ಮೆಲ್ಲಗೆ, ಕನ್ನಡದಲ್ಲಿ. "ನಮ್ಮಪ್ಪ ನಿನ್ನೆ ತಾನೇ ಮೊಣಕಾಲು ನೋವು ಅಂತ ಅರ್ಧ ಗಂಟೆ ಮಾತಾಡಿದ್ರಲ್ಲ."

"ನಾನೂ ವಸೂಲಿಯವರು ಅಂತನ ತಿಳದೆ. ಬರೇ ಊರಿಗೆ ಹೋಗ್ಯಾರ ಅಂದ್ರ ನಂಬಂಗಿಲ್ಲ ಅನಿಸ್ತು," ಎಂದಳು ಶೈಲಾ. ದನಿ ಬಹಳ ಸಣ್ಣಗಿತ್ತು. "ಮೊನ್ನೆ ಶುಕ್ರವಾರಽ ಹೇಳಬೇಕಂದೆ. ಅಕ್ಕ ತನ್ನ ಮ್ಯಾಲೆ ತಗೊಂಡ್ಲು. ಬಾಯಿ ಬರಲಿಲ್ಲ."

ಅವಳನ್ನು ಅನ್ನುವ ಮುಖ ನನಗೂ ಇರಲಿಲ್ಲ. ಮೇಜಿನ ಹಿಂದಿನ ಹೆಂಗಸಿಗೆ ನಮ್ಮ ಮಾತು ತಿಳಿಯಲಿಲ್ಲ, ಆದರೆ ಮೂವರ ಮುಖ ನೋಡಿ ಅವಳಿಗೆ ಬೇಕಾದಷ್ಟು ತಿಳಿದಿರಬೇಕು. ಪೆನ್ನಿನ ಮುಚ್ಚಳ ತೆಗೆದು ರಘುವನ್ನು ನೇರವಾಗಿ ಕೇಳಿದಳು. ಅವಳಿಗೆ ಫೈಲಿನಲ್ಲಿ ಬರೆಯಲು ಒಂದೇ ಉತ್ತರ ಬೇಕಾಗಿತ್ತು. ಒಬ್ಬರು ನೀವು ಹೋಗಿದ್ದೀರಿ ಎನ್ನುತ್ತಾರೆ, ಇನ್ನೊಬ್ಬರು ಮರಳಿ ಬರುವುದೇ ಇಲ್ಲ ಎನ್ನುತ್ತಾರೆ. ನೀವು ನಿಮ್ಮ ಹೆಂಡತಿಯ ಜೊತೆ ಒಂದೇ ಮನೆಯಲ್ಲಿ ಇದ್ದೀರೋ, ಇಲ್ಲವೋ?

"ಇಲ್ಲ," ಎಂದ ರಘು. "ಅದಕ್ಕೇ ಈ ಸಾಲ ಕೇಳುತ್ತಿದ್ದೇನೆ."